ಲಾರಿಯ ಬಾಯಿ ಕಟ್ಟಿದ್ದು

ಸಿರುಗುಪ್ಪದ ಗಾದಿಲಿಂಗಪ್ಪನಿಗೆ ಲೋಕದಲ್ಲಿ ಇಬ್ಬರ ಸಿಟ್ಟು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಒಂದು ಹೆಂಡತಿ ಚನ್ನವೀರಮ್ಮನದು, ಇನ್ನೊಂದು ಲಾರಿಯದು. ಹೆಂಡತಿಯನ್ನು ಯಾಕೆ ಸಿಟ್ಟು ಎಂದು ಕೇಳಿದರೆ ಮದುವೆಯಾದ ದಿನದಿಂದ ಶುರುಮಾಡಿ ಹೇಳುತ್ತಿದ್ದಳು. ಲಾರಿ ಏನೂ ಹೇಳುತ್ತಿರಲಿಲ್ಲ. ನಿಂತುಬಿಡುತ್ತಿತ್ತು.

ಅದು ಯುದ್ಧ ಕಂಡ ಲಾರಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದಾಗ ಗಾದಿಲಿಂಗಪ್ಪ ಮದರಾಸಿಗೆ ಹೋಗಿ ಹಿಡಿದು ತಂದಿದ್ದ. ಅಕ್ಕಿ ಮಿಲ್ಲಿನ ಚೀಲ ಬಳ್ಳಾರಿಗೆ ಹೊರುವುದು ಅದರ ಉದ್ಯೋಗ. ಬಾಗಿಲಲ್ಲಿ ಒಂದು ಗುಂಡಿನ ತೂತು ಇತ್ತು. (ಆ ಬಾಗಿಲ ಹಿಂದೆ ಯಾರು ಕೂತಿದ್ದರು, ಅವರ ಗತಿ ಏನಾಯಿತು ಎಂದು ಊರವರು ಕೇಳುತ್ತಿದ್ದರು. ಗಾದಿಲಿಂಗಪ್ಪ ಕೇಳಿಸದವನಂತೆ ಹಾರನ್ ಒತ್ತುತ್ತಿದ್ದ.)

ಒಂದು ಮಟಮಟ ಮಧ್ಯಾಹ್ನ, ಕುರುಗೋಡಿನ ದಾರಿಯಲ್ಲಿ, ಪಾಳುಮಂಟಪದ ಎದುರು ಲಾರಿ ಕೆಮ್ಮಿತು, ನಡುಗಿತು, ನಿಂತಿತು. ಸುತ್ತ ಬಿರುಕು ಬಿಟ್ಟ ಎರೆಹೊಲ. ಒಂದು ಕಾಗೆಯ ದನಿಯೂ ಇಲ್ಲ. ಹ್ಯಾಂಡಲ್ ಹಾಕಿ ತಿರುವಿದ, ರಟ್ಟೆ ಬಿದ್ದುಹೋಗುವ ತನಕ ತಿರುವಿದ. ಬೆವರು ಒರೆಸಿಕೊಂಡು ತಲೆ ಎತ್ತಿದರೆ, ಮಂಟಪದ ಕಂಬದ ನೆರಳು ಅವನ ಕಡೆ ಒಂದು ಗೇಣು ಸರಿದಿತ್ತು. (ಹೊತ್ತು ವಾಲಿದರೆ ನೆರಳು ಸರಿಯುತ್ತದೆಂದು ಅವನಿಗೂ ಗೊತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಬೇಕಲ್ಲ!) ಆಮೇಲೆ, ಯಾರೋ ಅಪ್ಪಣೆ ಕೊಟ್ಟಂತೆ, ಲಾರಿ ಒಂದೇ ತಿರುವಿಗೆ ಚಾಲೂ ಆಯಿತು.

ಬಳ್ಳಾರಿಯ ಮೆಕ್ಯಾನಿಕ್ ಎರ್ರಿಸ್ವಾಮಿ ಪೆಟ್ರೋಲಿನ ಪೈಪು ಬಿಚ್ಚಿ ಊದಿ, "ಒಂದೀಟು ಕಸ ಸಿಕ್ಕಿತ್ತು ಅಣ್ಣಾ, ಹೋತು" ಎಂದ. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಊರ ಮುಂದೆ "ದೆವ್ವಂತ ದೆವ್ವ! ಎಂಜಿನ್ನಿಗೆ ಎಂಥಾ ದೆವ್ವ!" ಎಂದು ನಗುವ ಗಾದಿಲಿಂಗಪ್ಪ, ಮರುದಿನ ಹೆಂಡತಿ ನೀರಿಗೆ ಹೋದದ್ದು ನೋಡಿಕೊಂಡು ಒಂದು ಕೆಲಸ ಮಾಡಿದ. ವಿಭೂತಿ ಗಟ್ಟಿ ತೇಯ್ದ. ದಾರಿಯ ಧೂಳಿಗೆ ಉದುರಬಾರದೆಂದು ಜಾಲಿ ಅಂಟು ಕಲಸಿದ. ಅದನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ತುಂಬ ಮೆತ್ತಿದ. ಮಂತ್ರ ಬಲ್ಲವರು ದೆವ್ವ ಹೊಗದಂತೆ ಮನುಷ್ಯರ ಬಾಯಿ ಕಟ್ಟುತ್ತಾರೆ. ಲಾರಿ ಕುಡಿಯುವುದು ಟ್ಯಾಂಕಿನಿಂದ, ಅಂದಮೇಲೆ ಅದರ ಬಾಯಿ ಅದೇ ತಾನೆ?

ಅವತ್ತಿನಿಂದ ಶುರುವಾಯಿತು ನೋಡಿ. ಹೋಗುವಾಗ ಮಂಟಪದ ಎದುರು ನಿಲ್ಲುವುದು, ಬರುವಾಗ ಬೇರೊಂದು ಕಡೆ, ಜಾಲಿಗಿಡಗಳ ಹತ್ತಿರ ನಿಲ್ಲುವುದು. ಈ ದೆವ್ವಕ್ಕೆ ಎರಡು ಸಂಸಾರ ಇದ್ದಂಗೈತಿ ಎಂದುಕೊಂಡ ಗಾದಿಲಿಂಗಪ್ಪ. ಅವನಿಗೆ ಒಂದರಲ್ಲೇ ಸಾಕಾಗಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಆ ಉಸಿರು. ಪೆಟ್ರೋಲ್ ಐತೋ ಇಲ್ಲೋ ನೋಡೋಣವೆಂದು ಮುಚ್ಚಳ ತಿರುವಿದರೆ ಸಾಕು, ಒಳಗಿನಿಂದ "ಹ್ಹಾ…" ಎಂದು ಬರುತ್ತಿತ್ತು, ಹಾಳುಬಾವಿಯ ತಳದಲ್ಲಿ ಮುದುಕಿಯೊಬ್ಬಳು ಎದ್ದು ಕೂತಂತೆ. ಗಾದಿಲಿಂಗಪ್ಪನ ಕೂದಲು ನೆಟ್ಟಗಾಗುತ್ತಿದ್ದವು. ಆಮೇಲೆ ಲಾರಿ ಏನೂ ಆಗದಂತೆ ಚಾಲೂ ಆಗುತ್ತಿತ್ತು. ಮನೆಗೆ ಬಂದು ಮುಚ್ಚಳಕ್ಕೆ ಇನ್ನೊಂದು ಪದರ ಮೆತ್ತುತ್ತಿದ್ದ.

ಎರ್ರಿಸ್ವಾಮಿ ಮತ್ತೆ ಎಲ್ಲ ಬಿಚ್ಚಿದ. "ಪ್ಲಗ್ಗು ಚಲೋ ಅದಾವ, ಕಾರ್ಬರೇಟರ್ ಚಲೋ ಐತಿ. ನಿನ್ನ ಲಾರಿಗೆ ರೋಗ ಇಲ್ಲಣ್ಣಾ."

"ಮತ್ತ ನಿಂದ್ರತೈತಲ್ಲೋ?"

"ನನ್ನ ಷೆಡ್ಡಿನಾಗ ನಿಂದ್ರವಲ್ದು. ಹೊರಗ ಯಾರು ನಿಂದ್ರಸ್ತಾರೋ ನನಗ ಕೇಳಬ್ಯಾಡ" ಎಂದವನು ಲಾರಿಗೇ ಕೈಮುಗಿದ.

ಸುದ್ದಿ ಕುರುಗೋಡು ಮುಟ್ಟಿತು. ಅಲ್ಲಿ ಗಾದಿಲಿಂಗಪ್ಪನ ಒಬ್ಬಳೇ ಮಗಳು ವಿರೂಪಮ್ಮ, ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿದಿತ್ತು, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಬೇಕು. ಅವಳ ಅತ್ತೆ ವೀರಭದ್ರಮ್ಮ ಹೇಳಿಕಳಿಸಿದಳು: "ದೆವ್ವ ಕುಂತ ಲಾರಿಯಾಗ ಸೊಸೀನ ಕಳಸಾಂಗಿಲ್ಲ. ಎಂಟರಾಗ ಬಿದ್ದ ಮ್ಯಾಲಂತೂ ಹೊಸ್ತಿಲಾ ದಾಟಸಾಂಗಿಲ್ಲ. ಹೆರಿಗಿ ಇಲ್ಲೇ ಆಗ್ಲಿ."

ಚನ್ನವೀರಮ್ಮ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. "ಮಗಳ ಬಾಣಂತನ ಮಾಡೋ ಪುಣ್ಯನೂ ನಿಮ್ಮ ಲಾರಿ ಕಸಗೊಂತು. ಬಂಡಿ ಹೂಡ್ರಿ, ಕರಕೊಂಡು ಬರೋಣು."

"ಲಾರಿ ಮಾಲಕನ ಮಗಳು ಬಂಡಿಯಾಗ ಬರಬೇಕೇನು? ಮಂದಿ ಏನಂದಾರು!"

"ಮಂದಿ ಈಗೇನು ಆರತಿ ಬೆಳಗಾಕತ್ತಾರೇನು? ನಡೀರಿ, ನಾನೂ ಬರ್ತೀನಿ. ಆ ದೆವ್ವದ ಮಾರಿ ನಾನೊಮ್ಮೆ ನೋಡತೀನಿ."

ಎಂಟನೆಯ ತಿಂಗಳಿಗೆ ಒಂದೇ ದಿನ ಉಳಿದಿತ್ತು. ಗಂಡಹೆಂಡಿರು ಲಾರಿ ಏರಿದರು. ಮಂಟಪ ಬಂತು. ಲಾರಿ ಕೆಮ್ಮಿತು, ನಡುಗಿತು, ನಿಂತಿತು.

ಬಿಸಿಲು ಸುಮ್ಮನೆ ಉರಿಯುತ್ತಿತ್ತು. ಚನ್ನವೀರಮ್ಮ ಕೆಳಗಿಳಿದು ಕಿವಿಗೊಟ್ಟಳು. "ಮುಚ್ಚಳ ತಗೀರಿ." ಗಾದಿಲಿಂಗಪ್ಪ ಮುಖ ಆ ಕಡೆ ತಿರುಗಿಸಿ ಮುಚ್ಚಳ ತಿರುವಿದ. "ಹ್ಹಾ…"

ಅವನು ನಾಲ್ಕು ಮಾರು ಹಿಂದೆ ಹಾರಿದ. ಚನ್ನವೀರಮ್ಮ ಅಲುಗಲಿಲ್ಲ.

"ಇದು ಉಸುರು ಬಿಡವಲ್ದು ರೀ, ಒಳಗ ಎಳಕೊಳ್ಳಾಕತ್ತೈತಿ. ನನ್ನ ಸೆರಗಿನ ತುದಿ ಎಳೀತು."

"ಅಯ್ಯಯ್ಯೋ! ಸೆರಗ ಎಳೀತೇನ!"

"ನೀವಂತೂ ಎಳದು ವರ್ಷಾತು, ಅದಾರ ಎಳೀಲಿ ಬಿಡ್ರಿ. ಕೊಡ್ರಿಲ್ಲೆ ಮುಚ್ಚಳ." ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಮೇಲೆಲ್ಲ ಗಾರೆಯ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಒಳಮೈಯಲ್ಲಿ ನಟ್ಟನಡುವೆ ಸಾಸಿವೆಕಾಳಿನಷ್ಟು ತೂತು ಕಂಡಿತು. ಆದರೆ ಆಚೆ ಬೆಳಕಿಲ್ಲ. "ಚಿಮಣಿ ಎಣ್ಣಿ ಡಬ್ಬಿಗೆ ಒಂದ ತೂತು ಹೊಡದು ಬೋರಲು ಹಾಕಿದ್ರ ಎಣ್ಣಿ ಬೀಳತೈತೇನ್ರಿ? ಎರಡು ಗುಟುಕು ಬಿದ್ದು ನಿಂದ್ರತೈತಿ. ಗಾಳಿಗೆ ಇನ್ನೊಂದು ತೂತು ಬೇಕು. ಅದನ್ನ ಯಾವ ಪುಣ್ಯಾತ್ಮ ಮುಚ್ಯಾನ?"

"ಎರ್ರಿಸ್ವಾಮಿ ಇರಬೇಕು" ಎಂದ ಗಾದಿಲಿಂಗಪ್ಪ, ದೂರದ ಗುಡ್ಡ ನೋಡುತ್ತ. "ಅವಗ ಭಕ್ತಿ ಬಾಳ."

ಚನ್ನವೀರಮ್ಮ ಅವನನ್ನೇ ಒಮ್ಮೆ ನೋಡಿದಳು. (ಅವಳು ಹಾಗೆ ನೋಡಿದರೆ ಅವನಿಗೆ ಮಂಟಪಕ್ಕಿಂತ ಹೆಚ್ಚಿನ ಹೆದರಿಕೆ.) ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿ, ಕಲ್ಲಿನಿಂದ ಕೆರೆದು, ಮುಚ್ಚಳವನ್ನು ಸ್ವಚ್ಛ ಮಾಡಿದಳು. ಲಾರಿ ಒಂದೇ ತಿರುವಿಗೆ ಎದ್ದು, ಕುರುಗೋಡಿನ ತನಕ ಎಲ್ಲಿಯೂ ಉಸಿರು ಕಟ್ಟದೆ ಓಡಿತು.

ವೀರಭದ್ರಮ್ಮ ಮನೆಯ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಗಾದಿಲಿಂಗಪ್ಪ ಎಲ್ಲ ಬಿಡಿಸಿ ಹೇಳಿದ: ದೆವ್ವ ಇಲ್ಲ, ವಿಭೂತಿ ತೂತು ಮುಚ್ಚಿತ್ತು, ಅಷ್ಟೆ.

"ವಿಭೂತಿ ಹಚ್ಚಿದವರು ಯಾರು ಬೀಗರ?"

"ಎರ್ರಿಸ್ವಾಮಿ ಅಂತ ಮೆಕ್ಯಾನಿಕ್ಕು."

"ಹಂಗಾರ ಅವನ್ನ ಕರಸ್ರಿ. ಮಾಟ ಮಾಡ್ಯಾನೋ ಮದ್ದು ಮಾಡ್ಯಾನೋ, ಅವನ ಬಾಯಿಲೇ ಕೇಳಿ ಆಮ್ಯಾಲ ಕಳಸೋಣು."

ಎರ್ರಿಸ್ವಾಮಿ ಬರುವಷ್ಟರಲ್ಲಿ ಎಂಟನೆಯ ತಿಂಗಳು ಹಿಡಿಯುತ್ತದೆ. ಬಾಗಿಲ ಸಂದಿನಲ್ಲಿ ಮಗಳ ಮುಖ ಕಂಡಿತು. ಗಂಟು ಕಟ್ಟಿಕೊಂಡು ತಯಾರಾಗಿ ನಿಂತಿದ್ದಳು. ಗಾದಿಲಿಂಗಪ್ಪ ಬೀಗಿತ್ತಿಯ ಕಡೆ ತಿರುಗಿದ.

"ನಾನ… ನಾನ ಹಚ್ಚಿದ್ದು."

"ಯಾಕ್ರಿ?"

"ಹೆದರಿಕಿ ಆಗಿತ್ರೀ."

ಬಾಗಿಲ ಹಿಂದಿನಿಂದ ಕಿಸಕ್ಕೆಂದು ನಗು ಬಂತು. ಚನ್ನವೀರಮ್ಮ ಮಾತ್ರ ನಗಲಿಲ್ಲ. ಅದನ್ನು ಮುಂದಿನ ದಿನಗಳಿಗೆ ಜೋಪಾನವಾಗಿ ಎತ್ತಿಟ್ಟಳು. ವೀರಭದ್ರಮ್ಮ ಅಡಕತ್ತರಿ ಕೆಳಗಿಟ್ಟಳು.

"ಅಂದ್ರ ಇಷ್ಟು ದಿನ ವಿಭೂತಿ ಕಾವಲಿತ್ತು. ಈಗ?"

"ಎಲ್ಲಾ ಕೆರದು ಒಗದೀವ್ರಿ!" ಗಾದಿಲಿಂಗಪ್ಪ ಎದೆಯುಬ್ಬಿಸಿದ.

"ಎಲ್ಲಿ ಕೆರದ್ರಿ?"

"ಮಂಟಪದ ಮುಂದ."

"ಶಿವಶಿವಾ! ಕಾವಲು ಇದ್ದಾಗ ಅದು ಲಾರಿ ಬರೇ ನಿಂದ್ರಸ್ತಿತ್ತು. ಅದರ ಮನಿ ಮುಂದ ನಿಂತು ಬಾಗ್ಲಾ ತಗದು, ಒಳಗ ಕುಂದ್ರಿಸಿಗೊಂಡು ಬಂದೀರಿ. ಅದಕ್ಕ ನಿಲ್ಲಲಾರದ ಓಡೈತಿ!"

ಎಲ್ಲರೂ ಲಾರಿಯ ಕಡೆ ತಿರುಗಿದರು. ಆರುತ್ತಿದ್ದ ಎಂಜಿನ್ನಿನೊಳಗೆ ಟಿಕ್, ಟಿಕ್, ಟಿಕ್ ಎಂದಿತು, ಯಾರೋ ಉಗುರಿನಿಂದ ತಗಡು ಬಡಿದ ಹಾಗೆ. ಬಿಸಿ ತಗಡು ಆರುವಾಗ ಹಾಗೆಯೇ ಸದ್ದು ಮಾಡುತ್ತದೆಂದು ಅಲ್ಲಿ ಒಬ್ಬನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಆ ಒಬ್ಬನೇ ಒಂದು ಹೆಜ್ಜೆ ಹಿಂದೆ ಸರಿದ.

ಆ ಹೆಜ್ಜೆಯನ್ನು ವೀರಭದ್ರಮ್ಮ ನೋಡಿಬಿಟ್ಟಳು. ಅಲ್ಲಿಗೆ ಪಂಚಾಯ್ತಿ ಮುಗಿಯಿತು. "ನಮ್ಮ ಕಮಾನು ಬಂಡಿ ಹೂಡಿಸ್ತೀನಿ. ತಾಯಿ ಮಗಳು ಅದರಾಗ ಹೋಗ್ಲಿ. ನಿಮ್ಮ ಲಾರಿ ಹಿಂದ ಬರ್ಲಿ. ಮುಂದ ಹೋಗಿ ಗರ್ಭಿಣಿಗೆ ಅಡ್ಡ ಬರಬಾರದು, ತಿಳೀತಿಲ್ರಿ?"

ಹಾಗೆ ವಿರೂಪಮ್ಮ ತವರಿಗೆ ಹೊರಟಳು, ಮೆತ್ತನೆಯ ಹುಲ್ಲಿನ ಮೇಲೆ, ಅವ್ವನ ತೊಡೆಗೆ ತಲೆಯಿಟ್ಟು. ಹಿಂದೆ ಒಬ್ಬನೇ ಗಾದಿಲಿಂಗಪ್ಪ, ಸಾವಿರಾರು ಮೈಲಿ ರಣರಂಗ ತುಳಿದ ರಥವನ್ನು ಎತ್ತಿನ ಬಾಲಕ್ಕೆ ಗಂಟು ಹಾಕಿದಂತೆ ನಡೆಸುತ್ತ. ಆ ದಾರಿಯುದ್ದಕ್ಕೂ ಲಾರಿ ತಾನಾಗಿ ಒಂದು ಸಲವೂ ನಿಲ್ಲಲಿಲ್ಲ. ಎತ್ತು ನೀರು ಕುಡಿಯಲು ನಿಂತರೆ ಅವನೇ ನಿಲ್ಲಿಸುತ್ತಿದ್ದ, ಎತ್ತು ಮನಸ್ಸಿಲ್ಲದೆ ನಿಂತರೂ ಅವನೇ ನಿಲ್ಲಿಸುತ್ತಿದ್ದ. ಮತ್ತೆ ಇಳಿದು, ಪಂಚೆ ಎತ್ತಿಕಟ್ಟಿ, ಏದುಸಿರು ಬಿಡುತ್ತ ಹ್ಯಾಂಡಲ್ ತಿರುವುತ್ತಿದ್ದರೆ, ಮುಂದಿನ ಕಮಾನಿನೊಳಗಿಂದ ಮಗಳ ದನಿ ಬರುತ್ತಿತ್ತು:

"ಅಪ್ಪಾ, ಲಗೂ ಬಾರಪ್ಪಾ! ಎತ್ತು ಕಾಯಾಕತ್ಯಾವು!"