ನಮ್ಮ ಟಿವಿಗೆ ಲೈಸೆನ್ಸ್ ಬೇಕಾ?

ಕತಾರಿನಲ್ಲಿ ಮನುಷ್ಯನಿಗೆ, ಕಾರಿಗೆ, ಅಂಗಡಿಗೆ ಎಲ್ಲದಕ್ಕೂ ಒಂದೊಂದು ಕಾಗದ ಉಂಟು. ಹಾಗಾಗಿ ಇಲ್ಲದ ಕಾಗದವನ್ನು ಯಾರಾದರೂ ಕೇಳಿದರೂ ನಾವು ಹುಡುಕಲಿಕ್ಕೆ ಶುರು ಮಾಡುತ್ತೇವೆ. ಈಚೆಗೆ ನಮ್ಮ ಮನೆಯಲ್ಲಿ ಆದದ್ದೂ ಅದೇ.

೧. ರಿಮೋಟ್ ಕಪಾಟಿಗೆ

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಕುಂದಾಪುರದ ಕಡೆ ಪೋಸ್ಟ್ ಆಫೀಸಿನಲ್ಲಿ ಇದ್ದವರು. ಆ ಕಾಲದಲ್ಲಿ ರೇಡಿಯೋ, ಟಿವಿ ಲೈಸೆನ್ಸಿನ ದುಡ್ಡು ಕಟ್ಟುವುದು ಅಲ್ಲಿಯೇ. ಒಂದು ತಿಂಗಳ ವೀಸಾದಲ್ಲಿ ಅಲ್ ವಕ್ರಾದ ನಮ್ಮ ಫ್ಲಾಟಿಗೆ ಬಂದರು. ಅವರಿಗಾಗಿ ಟಿವಿಯಲ್ಲಿ ಯಕ್ಷಗಾನ ಹಾಕಿದೆ.

"ಇದಕ್ಕೆ ಲೈಸೆನ್ಸ್ ಉಂಟಾ?"

"ಊರಲ್ಲೇ ರದ್ದಾಗಿ ಎಷ್ಟು ವರ್ಷ ಆಯ್ತು ಮಾವ!"

"ಊರಲ್ಲಿ ರದ್ದಾಯ್ತು. ಇಲ್ಲಿ?"

"ಇಲ್ಲಿ ಅಂಥದ್ದೇ ಇಲ್ಲ."

"ಇಲ್ಲ ಅಂತ ಬರೆದು ಕೊಟ್ಟಿದ್ದಾರಾ?"

ಬರೆದು ಕೊಟ್ಟಿರಲಿಲ್ಲ. ಮಾವ ಟಿವಿ ಆಫ್ ಮಾಡಿ, ರಿಮೋಟನ್ನು ಕಪಾಟಿನಲ್ಲಿ ಇಟ್ಟರು. ಅಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಕ್ಷಗಾನದಲ್ಲಿ ಆಗ ಯುದ್ಧ ನಡೆಯುತ್ತಿತ್ತು.

೨. ಪಕ್ಕದ ಮನೆಯವರು

ಐದು ದಿನ ಮಾವ ಗೋಡೆ ನೋಡಿದರು. ಆರನೇ ದಿನ, "ಟಿಕೆಟ್ ಬೇಗದ್ದು ಮಾಡ್ಲಿಕ್ಕೆ ಆಗ್ತದಾ? ಮುಂದಿನ ಶುಕ್ರವಾರ ಹೋಗ್ತೇನೆ" ಅಂದರು. ವೀಸಾ ಇನ್ನೊಂದು ತಿಂಗಳು ಮುಂದುವರಿಸಿ ಅಪ್ಪನನ್ನು ಇಟ್ಟುಕೊಳ್ಳಬೇಕು ಅಂತ ಇದ್ದ ನನ್ನ ಹೆಂಡತಿ ಅಡುಗೆಮನೆಗೆ ನನ್ನನ್ನು ಕರೆದಳು.

"ಅಪ್ಪಯ್ಯನಿಗೆ ಎಂತದಾದ್ರೂ ಒಂದು ಕಾಗದ ತೋರ್ಸಿ ಮಾರಾಯ್ರೆ!"

ಅಷ್ಟರಲ್ಲಿ ಮಾವ ಲಿಫ್ಟಿನಲ್ಲಿ ಪಕ್ಕದ ಮನೆಯ ಮಲಯಾಳಿಯನ್ನೂ ವಿಚಾರಿಸಿದ್ದರು. ಆತ ನಗಲಿಲ್ಲ. ಸಂಜೆ ನಮ್ಮ ಬೆಲ್ ಒತ್ತಿ ಮೆಲ್ಲಗೆ ಕೇಳಿದ: "ಚೇಟ್ಟಾ, ನಮ್ಮ ಮನೇಲಿ ಎರಡು ಟಿವಿ ಉಂಟು. ಎರಡನ್ನೂ ಒಂದೇ ಲೈಸೆನ್ಸಿನಲ್ಲಿ ಸೇರಿಸಲಿಕ್ಕೆ ಆಗ್ತದಾ?"

೩. ಮಂದೂಬ್

ನಮ್ಮದು ಹಮದ್ ಬಂದರಿನ ಹತ್ತಿರದ ಒಂದು ಆಫೀಸು. ಅಲ್ಲಿ ಸರ್ಕಾರಿ ಕಾಗದ ಓಡಾಡಿಸಲಿಕ್ಕೆ ಒಬ್ಬ ಮಂದೂಬ್ ಇದ್ದಾನೆ. ಅವನ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಇವತ್ತಿನವರೆಗೆ ಬಂದದ್ದಿಲ್ಲ. ಟಿವಿ ಲೈಸೆನ್ಸ್ ಅಂದೆ.

"ಮಾಫಿ ಮುಷ್ಕಿಲ್, ತೊಂದರೆಯೇ ಇಲ್ಲ! ಎರಡು ಫೋಟೋ ತಾ."

"ನನ್ನದಾ, ಟಿವಿಯದ್ದಾ?"

ಒಂದು ಕ್ಷಣ ಆಕಾಶ ನೋಡಿದ. "ಎರಡೂ ತಾ."

ನಾನು ಫೋಟೋ ತೆಗೆಸಿದೆ. ಟಿವಿಯದ್ದು ನನ್ನದಕ್ಕಿಂತ ಚೆನ್ನಾಗಿ ಬಂತು. ಮೂರು ದಿನ ಬಿಟ್ಟು ಮಂದೂಬ್ ಮೇಜಿನ ಹತ್ತಿರ ಬಂದು ಕಿವಿಯಲ್ಲಿ ಕೇಳಿದ: "ನಿನ್ನ ಮಾವನನ್ನು ಕೇಳು. ಇದು ಯಾವ ಆಫೀಸಿನಲ್ಲಿ ಸಿಗ್ತದೆ?"

೪. ಗುಂಡಗಿನ ಸೀಲು

ಉಳಿದದ್ದು ಟೈಪಿಂಗ್ ಅಂಗಡಿ. ದುಡ್ಡು ಕೊಟ್ಟರೆ ಅರಬಿಯಲ್ಲಿ ಯಾವ ಅರ್ಜಿ ಬೇಕಾದರೂ ಟೈಪ್ ಮಾಡಿಕೊಡುತ್ತಾರೆ. ಮಾವನನ್ನೂ ಕರ್ಕೊಂಡು ಹೋದೆ. "ಈ ಟಿವಿಗೆ ಲೈಸೆನ್ಸ್ ಬೇಡ ಅಂತ ಬರಿ" ಅಂತ ಹಿಂದಿಯಲ್ಲಿ ಹೇಳಿದೆ. ಹಿಂದೆ ಹನ್ನೆರಡು ಜನ ಕಾಯುತ್ತಿದ್ದರು. ಅಂಗಡಿಯವನು ಎರಡೇ ನಿಮಿಷದಲ್ಲಿ ಪ್ರಿಂಟ್ ತೆಗೆದು, ಅಂಗಡಿಯ ಸೀಲ್ ಹೊಡೆದು, "ಖಲಾಸ್" ಅಂದ.

ಅರಬಿ ಓದಲಿಕ್ಕೆ ನಮಗಿಬ್ಬರಿಗೂ ಬರುವುದಿಲ್ಲ. ಮಾವ ಕಾಗದದ ಸೀಲನ್ನು ಬೆಳಕಿಗೆ ಹಿಡಿದರು. "ಆಹಾ! ಅಂಚು ಎಲ್ಲೂ ಮುರೀಲಿಲ್ಲ. ಮೂವತ್ತೈದು ವರ್ಷ ಸೀಲ್ ಹೊಡೆದೆ, ಹೀಗೆ ಒಂದು ಬೀಳ್ಲಿಲ್ಲ ನನಗೆ."

ಕಾಗದ ಟಿವಿಯ ಪಕ್ಕದ ಗೋಡೆ ಏರಿತು. ರಿಮೋಟ್ ಕಪಾಟಿನಿಂದ ಇಳಿಯಿತು. ಆದರೆ ಮಾವ ಹೇಳಿ ಮಾಡಿಸಿದ್ದ ಶುಕ್ರವಾರದ ಟಿಕೆಟ್ ಮಾತ್ರ ಹಾಗೇ ಇತ್ತು. ಹೇಳಿದ ಮಾತು ಬದಲಿಸುವ ಜಾತಿಯಲ್ಲ ಅವರದ್ದು.

ಬುಧವಾರ ಮೇಲಿನ ಮನೆಯ ಈಜಿಪ್ಟಿನ ಮೇಷ್ಟ್ರು ಚಹಾಕ್ಕೆ ಬಂದರು. ಕಾಗದ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಮತ್ತೆ ಟಿವಿಯನ್ನು ಬಹಳ ಮರ್ಯಾದೆಯಿಂದ ನೋಡಿದರು.

"ಹಬೀಬಿ, ಇದು ವೀಸಾ ಅರ್ಜಿ. ಮನೆಗೆ ಬಂದ ನೆಂಟರನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಲಿಕ್ಕೆ ಬಿಡಿ ಅಂತ ಉಂಟು. ನೆಂಟರ ಹೆಸರು, ಟೆಲಿವಿಷನ್. ಸಂಬಂಧ, ಹೆಂಡತಿಯ ತಂದೆ."

ಟೈಪಿಂಗಿನವನು ಯಾರದೋ ಹಳೆ ಅರ್ಜಿಯಲ್ಲಿ ಹೆಸರು ಮಾತ್ರ ಬದಲಾಯಿಸಿದ್ದ. ಹೆಂಡತಿ ಶಾಲನ್ನು ಬಾಯಿಗೆ ಒತ್ತಿಕೊಂಡಳು. ನಾನು ನೆಲ ನೋಡಿದೆ.

ಮಾವ ಟಿವಿ ನೋಡಿದರು, ನನ್ನನ್ನು ನೋಡಿದರು.

"ಇದಕ್ಕೆ ಒಂದು ತಿಂಗಳು ಕೇಳಿದ್ದೀರಿ. ನನಗೆ ಶುಕ್ರವಾರದ ಟಿಕೆಟಾ?"

"ಟಿಕೆಟ್ ನೀವೇ ಹೇಳಿದ್ದಲ್ವಾ ಮಾವ..."

"ನಾಳೆ ಆ ಅಂಗಡಿಗೇ ಹೋಗುವ. ಕಾಗದ ಚೆನ್ನಾಗಿಯೇ ಉಂಟು," ಅಂತ ಮಾವ ಎದ್ದು ಅದನ್ನು ಗೋಡೆಯಿಂದ ಜೋಪಾನವಾಗಿ ತೆಗೆದರು. "ಹೆಸರು ಒಂದು ತಿದ್ದಲಿಕ್ಕೆ ಹೇಳಿ. ಸಂಬಂಧ ಸರಿ ಉಂಟು."