ಮೂಲೆ ಹಿಡಿದು ಕೂತ ಕೋಚ್ ಸಾಹೇಬರು

ಟ್ರ್ಯಾಕ್ಟರ್ ಮಾರುವವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಅದಕ್ಕೆ ಕಲಿಸುವವರೊಬ್ಬರು ಜೊತೆಯಾದರಂತೂ ಕೇಳುವುದೇ ಬೇಡ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೋಕಾಕದ ಒಂದು ಟ್ರ್ಯಾಕ್ಟರ್ ಶೋರೂಮಿಗೆ ಹೊಸದಾಗಿ ಸೇರಿದ್ದೆ. ಬಾಯಿ ಜೋರಿತ್ತು, ಮಾರಾಟ ಮಾತ್ರ ಸೊನ್ನೆ. ದೀಪಾವಳಿಯೊಳಗೆ ಒಂದು ಗಾಡಿಯಾದರೂ ಮಾರದಿದ್ದರೆ ಮನೆಗೆ ಹೋಗು ಅಂತ ಮಾಲಕರು ಹೇಳಿಬಿಟ್ಟಿದ್ದರು. ಆಗಷ್ಟೇ ಮದುವೆಯಾಗಿತ್ತು, ಮಾವನವರು ಹೆಣ್ಣು ಕೊಟ್ಟದ್ದೇ ಈ ನೌಕರಿ ನೋಡಿ.

ಅಂಥ ಹೊತ್ತಿನಲ್ಲಿ ಕಂಪನಿಯವರು ನಮ್ಮನ್ನು ತಿದ್ದಲು ಧಾರವಾಡದಿಂದ ಒಬ್ಬ ಕೋಚ್ ಸಾಹೇಬರನ್ನು ಕಳಿಸಿದರು. "ಕೋಚ್ ಅಂದ್ರ ಕಬಡ್ಡಿ ಕಲಸಾವ್ರಲ್ಲೇನ್ರಿ?" ಅಂತ ನಮ್ಮ ಮಾಲಕರು ಕೇಳಿದರು. ಭಾಷಣ ಇರುತ್ತದೆ ಅಂತ ನಾವು ಬೆಂಚು ಹಾಕಿ ಕೂತರೆ, ಅವರು ಒಂದು ಕುರ್ಚಿ ಎಳೆದುಕೊಂಡು ಮೂಲೆಗೆ ಹೋಗಿ ಕೂತರು. ದಿನವಿಡೀ ನಮ್ಮನ್ನು ನೋಡುವುದು, ಸಂಜೆ ಚಹಾ ಕುಡಿಯುವಾಗ ಒಂದೇ ಒಂದು ಪ್ರಶ್ನೆ ಕೇಳುವುದು, ಇಷ್ಟೇ ಅವರ ಕೆಲಸ. ಯಾರನ್ನೂ ಬೈದದ್ದು ನಾನು ಕಾಣೆ.

ರುಮಾಲಿನ ಹಿರಿಯರು

ಮೊದಲ ಸಂಜೆ ಅವರು ನನ್ನನ್ನು ಕೇಳಿದ್ದು ಇದು: "ಗಾಡಿ ನೋಡಾಕ ಮನಿಮಂದಿಯೆಲ್ಲಾ ಬರ್ತಾರ. ಅದರಾಗ ಹೂಂ ಅನ್ನಾವ್ರು ಯಾರು ಅಂತ ನೋಡೀಯೇನು?" ನಾನು ನೋಡಿರಲಿಲ್ಲ. ಎದುರಿಗೆ ಸಿಕ್ಕವರ ಮುಂದೆ ಒದರುತ್ತಿದ್ದೆ, ಅಷ್ಟೇ.

ಮರುದಿನ ಕೌಜಲಗಿಯಿಂದ ಒಂದು ಮನೆತನದವರು ಹಿಂಡಾಗಿ ಬಂದರು. ಈ ಸಲ ಕಣ್ಣಾಡಿಸಿದೆ. ಫ್ಯಾನಿನ ಕೆಳಗೆ ದೊಡ್ಡ ರುಮಾಲಿನ ಹಿರಿಯರೊಬ್ಬರು ಗಂಭೀರವಾಗಿ ಕೂತಿದ್ದರು. ಹೂಂ ಅನ್ನುವವರು ಇವರೇ ಅಂತ ಹಿಡಿದೆ. ಚಹಾ ತರಿಸಿದೆ, ಮಿರ್ಚಿ ಭಜಿ ತರಿಸಿದೆ, ಇಂಜಿನ್ನಿನಿಂದ ಹಿಂದಿನ ಗಾಲಿಯವರೆಗೆ ಎಲ್ಲ ವಿವರಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಹೊರಗೆ ಹಾರ್ನ್ ಕೇಳಿದ್ದೇ ತಡ, ಎದ್ದು ನಿಂತು, "ಮೂಡಲಗಿ ಬಸ್ ಬಂತು, ಬರ್ತೇನ್ರಿ. ಫ್ಯಾನ್ ಭಾಳ ಚಲೋ ಐತಿ" ಅಂದು ನಡೆದೇಬಿಟ್ಟರು.

ಕೌಜಲಗಿಯವರೂ ಹೊರಡಲು ಎದ್ದರು. ಇಷ್ಟು ಹೊತ್ತು ಒಂದು ಮಾತೂ ಕೇಳಲಿಲ್ಲವಲ್ಲ ಅಂದೆ. ಅವರಲ್ಲೊಬ್ಬರು ಹೇಳಿದರು: "ನೀವು ಫ್ಯಾನಿನ ಕೆಳಗ ಕೂತ ನಿಮ್ಮ ಮಾಲಕರ ಜೋಡಿ ಮಾತಾಡಾಕತ್ತಿದ್ರಿ. ನಡುವ ಬಾಯಿ ಹಾಕೂದು ಹೆಂಗ್ರಿ?"

ಮಿಸ್ತ್ರಿಯ ಪಾಠ

ನಮ್ಮ ಮಿಸ್ತ್ರಿಯ ಕೈ ಜಾಣ, ಬಾಯಿ ಬೆಂಕಿ. ರಿಪೇರಿಗೆ ಬಂದವರ ಮಾತು ಮುಗಿಯುವ ಮೊದಲೇ ಜಗಳ ತೆಗೆಯುತ್ತಿದ್ದ. ಗಿರಾಕಿ ಹೇಳಿದ್ದನ್ನು ಮೊದಲು ನಿನ್ನ ಬಾಯಿಂದ ಒಮ್ಮೆ ಹೇಳು, ಆಮೇಲೆ ಉತ್ತರ ಕೊಡು ಅಂತ ಕೋಚ್ ಸಾಹೇಬರು ಹೇಳಿಕೊಟ್ಟರು. ಅಷ್ಟರಿಂದಲೇ ಮುಂದೆ ಅವನ ಜಗಳಗಳು ನಿಂತುಹೋದವು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಮೊದಲ ದಿನದ ಕಥೆಯೇ ಬೇರೆ. ಅರಭಾವಿಯ ರೈತರೊಬ್ಬರು ಬಂದು ಗಾಡಿ ಹೊಗೆ ಬಿಡುತ್ತದೆ ಅಂದರು. ಗಾಡಿ ಹೊಗೆ ಬಿಡುತ್ತದೆ ಅಂದ ಮಿಸ್ತ್ರಿ. ಏರಿನಲ್ಲಿ ಎಳೆಯುವುದಿಲ್ಲ ಅಂದರು. ಏರಿನಲ್ಲಿ ಎಳೆಯುವುದಿಲ್ಲ ಅಂದ. ಅವರು ನೆಟ್ಟಗೆ ಮಾಲಕರ ಹತ್ತಿರ ಹೋದರು. "ನನಗ ಗೊತ್ತಿದ್ದಷ್ಟ ಇವಗೂ ಗೊತ್ತೈತ್ರಿ. ಬ್ಯಾರೆ ಮಿಸ್ತ್ರಿ ಇದ್ರ ಕರೀರಿ."

ಯಮಕನಮರಡಿಯ ಪಡಸಾಲೆ

ದೀಪಾವಳಿ ಹತ್ತಿರ ಬಂತು. ನನ್ನ ಲೆಕ್ಕ ಇನ್ನೂ ಸೊನ್ನೆಯೇ ಇತ್ತು. ಒಂದು ಸಂಜೆ ಕೋಚ್ ಸಾಹೇಬರು, ರೇಟು ಹೇಳಿದ ಮೇಲೆ ಏನು ಮಾಡುತ್ತಿ ಅಂತ ಕೇಳಿದರು. ಇನ್ನೂ ಮಾತಾಡುತ್ತೇನೆ ಅಂದೆ. ಯಾಕೆ ಅಂದರು. ಎಲ್ಲಿ ಬೇಡ ಅಂದುಬಿಡುತ್ತಾರೋ ಅನ್ನುವ ಅಂಜಿಕೆಗೆ ಅಂದೆ. ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ನನ್ನ ರೋಗವನ್ನು ನನ್ನ ಬಾಯಿಂದಲೇ ಹೇಳಿಸಿದ ಪುಣ್ಯಾತ್ಮ ಅವರು. "ಹಂಗಾರ ರೇಟ್ ಹೇಳಿ ಬಾಯಿ ಮುಚ್ಚು. ಮುಂದಿನ ಮಾತು ಅವರದು" ಅಂದರು.

ಮರುದಿನ ಇಬ್ಬರೂ ಹುಕ್ಕೇರಿ ತಾಲೂಕಿನ ಯಮಕನಮರಡಿಯಲ್ಲಿ ರೈತರೊಬ್ಬರ ಮನೆಗೆ ಹೋದೆವು. ಗಾಡಿ ಕೊಳ್ಳುವ ಮನಸ್ಸು ಅವರಿಗೂ ಇತ್ತು. ಪಡಸಾಲೆಯಲ್ಲಿ ಕೂತು ರೇಟು ಹೇಳಿದೆ, ತಲೆ ತಗ್ಗಿಸಿ ಸುಮ್ಮನಾದೆ. ಕೋಚ್ ಸಾಹೇಬರು ಎಂದಿನಂತೆ ಮೂಲೆ ಹಿಡಿದು ಸುಮ್ಮನೆ ಕೂತಿದ್ದರು. ರೈತರು ಮೊದಲೇ ಕಡಿಮೆ ಮಾತಿನವರು. ಯೋಚಿಸುತ್ತ ಅವರೂ ನೆಲ ನೋಡತೊಡಗಿದರು.

ನಮ್ಮ ಕಡೆ ಗಂಡಸರು ಹೀಗೆ ತಲೆ ತಗ್ಗಿಸಿ ಮಾತಿಲ್ಲದೆ ಕೂರುವುದು ಯಾರಾದರೂ ಸತ್ತಾಗ ಮಾತ್ರ. ಒಳಗಿನಿಂದ ಬಂದ ರೈತರ ತಾಯಿ, ವಯಸ್ಸಾದ ಅಜ್ಜಿ, ನಮ್ಮನ್ನು ನೋಡಿ ಸೆರಗು ಕಣ್ಣಿಗೆ ಒತ್ತಿದರು. ಕೋಚ್ ಸಾಹೇಬರ ಅಂಗಿಗೆ ಒಂದು ಗುಂಡಿ ಇರಲಿಲ್ಲ. ಅದನ್ನು ನೋಡಿ ಅಜ್ಜಿ ಹತ್ತಿರ ಹೋಗಿ, "ಹೇಣ್ತಿ ಹೋದ್ಲೇನೋ ಯಪ್ಪಾ?" ಅಂತ ಮೆಲ್ಲಗೆ ಕೇಳಿದರು. ಬಾಯಿ ಬಿಟ್ಟರೆ ತಮ್ಮ ಪಾಠವೇ ಕೆಡುತ್ತದೆ ಅಂತ ಅವರು ತಲೆಯನ್ನು ಇನ್ನಷ್ಟು ತಗ್ಗಿಸಿದರು. ಅಜ್ಜಿ ಅವರ ಬೆನ್ನು ಸವರಿ, ಜೋರಾಗಿ ಅಳುತ್ತ ಒಳಗೆ ಹೋದರು.

ಅಳು ಕೇಳಿ ಬಾಜೂ ಮನೆಯವರು ಒಬ್ಬೊಬ್ಬರಾಗಿ ಬಂದು ತಲೆ ತಗ್ಗಿಸಿ ಕೂತರು. ಪಡಸಾಲೆ ತುಂಬಿತು. ರೈತರು ತಲೆ ಎತ್ತಿ ನೋಡಿ ಗಾಬರಿಯಾದರು. "ಯಾರೂ ಸತ್ತಿಲ್ರಿ. ನಾ ಟ್ರ್ಯಾಕ್ಟರ್ ತಗೊಳ್ಳಾಕತ್ತೇನಿ" ಅಂದುಬಿಟ್ಟರು. ನನ್ನ ನೌಕರಿ ಉಳಿಯಿತು. ಬಂದವರು ಎದ್ದು ಹೋಗುವಾಗ ರೇಟು ಎಷ್ಟು ಅಂತ ಕೇಳಿದರು. ಕೇಳಿದ ಮೇಲೆ ರೈತರಿಗೆ ಸಮಾಧಾನ ಹೇಳಿಯೇ ಹೋದರು.

ಗಾಡಿ ಪೂಜೆ

ದೀಪಾವಳಿ ಪಾಡ್ಯದ ದಿನ ಶೋರೂಮಿನ ಮುಂದೆ ಗಾಡಿ ಪೂಜೆ. ಕೋಚ್ ಸಾಹೇಬರು ಬರಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಅವರಿಲ್ಲದಿದ್ದರೆ ಆ ದಿನ ನಾನು ಮಾವನವರಿಗೆ ಮುಖ ತೋರಿಸುವ ಹಾಗಿರಲಿಲ್ಲ. ಗೋಕಾಕ ಫಾಲ್ಸ್ ತೋರಿಸುತ್ತೇನೆ ಅಂತ ಸಾಹೇಬರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅಂಗಿಯ ಗುಂಡಿಗಳೆಲ್ಲ ಸರಿಯಾಗಿದ್ದವು.

ಯಮಕನಮರಡಿಯ ಅಜ್ಜಿ ತೆಂಗಿನಕಾಯಿ ಹಿಡಿದು ಬಂದರು. ತಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ ಅಂತ ಅವರಿಗೆ ಮಗ ತಿಳಿಸಿದ್ದರು. ಕೋಚ್ ಸಾಹೇಬರ ಮನೆಯ ವಿಷಯ ತಿಳಿಸಲು ಎಲ್ಲರೂ ಮರೆತಿದ್ದೆವು. ಪಕ್ಕದಲ್ಲಿ ನಿಂತ ಹೆಂಗಸು ಯಾರು ಅಂತ ಅಜ್ಜಿ ಕೇಳಿದರು. ನನ್ನ ಹೆಂಡತಿ ಅಂದರು ಕೋಚ್ ಸಾಹೇಬರು.

ಅಜ್ಜಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಚಲೋ ಆತು ಬಿಡಪಾ, ಗುಂಡಿ ಹಚ್ಚಾಕ ಒಬ್ಬಾಕಿ ಬಂದ್ಲು. ಆದ್ರೂ ಮೊದಲನೇದಾಕಿ ಹೋಗಿ ಒಂದ್ ವರ್ಷರ ತುಂಬಬೇಕಿತ್ತು."

"ಯಾವ ಮೊದಲನೇದಾಕಿ?" ಅಂದರು ಹೆಂಡತಿ, ಗಂಡನ ಕಡೆ ತಿರುಗಿ.

ಕೋಚ್ ಸಾಹೇಬರು ಸುತ್ತಲೂ ನೋಡಿದರು. ಬಯಲಿನಲ್ಲಿ ಒಂದು ಮೂಲೆಯೂ ಇರಲಿಲ್ಲ. ನನ್ನ ತೋಳು ಹಿಡಿದು, "ನೀನರ ಹೇಳಪಾ" ಅಂದರು. ನಾನು ಗುರು ಕಲಿಸಿದ ಹಾಗೆ ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ನಿಂತೆ.