ಟೋಕನ್ ಬೋರ್ಡಿನ ಮೇಲಿನ ಹೆಸರು

ಪ್ರೋಗ್ರಾಮರ್ ಮಹಾಶಯನ ಬಲಗೆನ್ನೆ ಅಂದು ಎಷ್ಟು ಊದಿತ್ತೆಂದರೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನೊಳಗೆ ಮೊದಲು ಕಾಲಿಟ್ಟಿದ್ದು ಅದೇ. ಅವನು ಆಮೇಲೆ ಹೋದ. ಹಿಂದೆ ಅವನ ಅಕ್ಕ. ಗೋಡೆಯ ಟೋಕನ್ ಬೋರ್ಡು ಕೂಗಿದಾಗ ಹೋಗದವರು ಸಾಲಿನ ಕೊನೆಗೆ. ಅದು ಅಲ್ಲಿಯ ಕಾನೂನು. ಅವನ ಟೋಕನ್ ನಲವತ್ತೊಂದು.

"ಟೋಕನ್ ನಲವತ್ತು, ಬೇಗ ಬನ್ನಿ!" ಎಂದಿತು ಬೋರ್ಡು.

"ಅಯ್ಯೋ, ಇದು ನನ್ನ ದನಿ ಕಣೋ!" ಎಂದಳು ಅಕ್ಕ.

ಹೌದು! ಅವನೇ ಬರೆದು, ಅಕ್ಕನ ದನಿ ತುಂಬಿ, ಯಾರಾದರೂ ಬಳಸಲಿ ಎಂದು ಇಂಟರ್‌ನೆಟ್ಟಿಗೆ ಬಿಟ್ಟಿದ್ದ ಪ್ರೋಗ್ರಾಮು. ಬೋರ್ಡಿನ ಮೇಲಿದ್ದ ಹೆಸರು ಮಾತ್ರ ಅವನದಲ್ಲ, ಡಾಕ್ಟರದು! ಹಲ್ಲುನೋವು ನೆತ್ತಿಗೇರಿತು. ಕಂಪ್ಯೂಟರ್ ನೋಡಿಕೊಳ್ಳುವವನ ಮೇಲೆ ಹಾರಿಬಿದ್ದ.

"ನನ್ನ ಹೆಸರೆಲ್ರೀ?"

"ಬೋರ್ಡಲ್ಲಿ ಹೆಸರಿಗೆ ಇರೋದೇ ಒಂದು ಸಾಲು. ಫ್ರೀ ಅಲ್ವಾ ಸಾರ್?"

"ಫ್ರೀ ಅಂದ್ರೆ ಹೇಳೋರು ಕೇಳೋರು ಇಲ್ಲ ಅಂತಾನಾ? ಬಳಸಿ, ಬದಲಾಯಿಸಿ, ಹಂಚಿ, ಬರೆದವರ ಹೆಸರು ಮಾತ್ರ ತೆಗೀಬೇಡಿ ಅಂತ ಲೈಸೆನ್ಸಲ್ಲಿ ಬರೆದಿದ್ದೀನಲ್ರೀ! ಓದೋಕೆ ಏನು ರೋಗ?"

ಆ ಆರ್ಭಟಕ್ಕೆ ಒಳಗೆ ಡ್ರಿಲ್ಲು ತಾನಾಗಿಯೇ ನಿಂತಿತು. ಮರಗಟ್ಟಿದ್ದ ದವಡೆಗಳೆಲ್ಲ ಎಚ್ಚೆತ್ತು ಚೀರಿದವು.

"ಸಾರ್, ನಾನೊಂದು ಸಣ್ಣ ಬದಲಾವಣೆ..."

"ಯಾವನಿಗೆ ಬೇಕ್ರೀ ನಿಮ್ಮ ಬದಲಾವಣೆ? ಕಿತ್ತಾಕಿ! ನಾನು ಬರೆದಿದ್ದನ್ನ ಬರೆದ ಹಾಗೇ ಹಾಕಿ!"

ಹಾಕಿದ. ಬೋರ್ಡು ಆರಿ ಹತ್ತಿತು. ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ಹೆಸರು ಹೊಳೆಯಿತು. "ನಮ್ಮ ತಮ್ಮ!" ಎಂದು ಅಕ್ಕ ಎಲ್ಲರಿಗೂ ತೋರಿಸಿದಳು.

"ಟೋಕನ್ ಒಂದು, ಬೇಗ ಬನ್ನಿ!"

ಒಂದನೆಯವರು ಬೆಳಿಗ್ಗೆಯೇ ಹಲ್ಲು ಕೀಳಿಸಿಕೊಂಡು ಮನೆ ಸೇರಿದ್ದರು. ಊದಿದ ಕೆನ್ನೆಗಳ ದಂಡೇ ಎದ್ದು ಬಂದು ಅವನನ್ನು ಮುತ್ತಿತು.

"ಏನಯ್ಯಾ ಹೆಸರಿನವನೇ, ಮತ್ತೆ ಮೊದಲಿಂದಾನಾ?"

"ಯಾವ ಗ್ಯಾರಂಟಿಯೂ ಇಲ್ಲ ಅಂತ ಲೈಸೆನ್ಸಲ್ಲೇ..."

"ಲೈಸೆನ್ಸ್ ತಗೊಂಡೋಗಿ ಒಲೆಗೆ ಹಾಕು!"

ಕಂಪ್ಯೂಟರಿನವನು ತಣ್ಣಗೆ ಕೈಕಟ್ಟಿ ನಿಂತ. "ಬೋರ್ಡು ಆಫ್ ಮಾಡಿ ಆನ್ ಮಾಡಿದ್ರೆ ನಿಮ್ಮ ಪ್ರೋಗ್ರಾಮು ಎಣಿಕೆ ಮರೆಯುತ್ತೆ ಸಾರ್. ನನ್ನ ಬದಲಾವಣೆ ಅದಕ್ಕೇ ಇದ್ದಿದ್ದು. ಹಾಕ್ಲಾ? ಸಾಲು ಒಂದೇ. ಯಾರ ಹೆಸರು ಇರ್ಲಿ?"

ಪ್ರೋಗ್ರಾಮರ್ ಸುತ್ತಲಿನ ಮುಷ್ಟಿಗಳನ್ನು ನೋಡಿದ.

"ನನ್ನದೊಂದು ಬಿಟ್ಟು ಯಾರದಾದ್ರೂ ಹಾಕಯ್ಯಾ!"

ಬೋರ್ಡು ಸರಿಹೋಯಿತು. ನಡುವೆ 'ಒಂದು' ಎಂದು ಕೂಗಿದ್ದನ್ನೂ ಅದು ಬಿಡದೆ ನಲವತ್ತರ ಮುಂದಿನ ಕೂಗೆಂದೇ ಎಣಿಸಿಕೊಂಡಿತ್ತು. ಅಕ್ಕನ ದನಿ ಇಂಪಾಗಿ ಕರೆಯಿತು:

"ಟೋಕನ್ ನಲವತ್ತೆರಡು, ಬೇಗ ಬನ್ನಿ!"